ಜಂದೀರಾಳ ವಯಸ್ಸು

ವುಸ್ಟರ್, ಮ್ಯಾಸಚೂಸೆಟ್ಸ್
18 ಸೆಪ್ಟೆಂಬರ್ 1995

ಪ್ರಿಯ ಮಿಸೆಸ್ ಹ್ಯಾಸ್ಕೆಲ್,

ಹೆಸರು ನೋಡಿ ನೆನಪಾಗದಿದ್ದರೆ ಹೇಳಿಬಿಡುತ್ತೇನೆ: ಐದು ವರ್ಷಗಳ ಹಿಂದೆ ಹ್ಯಾರೋಪೋರ್ಟಿನ ಶಾಲೆಗಳಲ್ಲಿ ನಿಮ್ಮ ಕೈಕೆಳಗೆ ಕೆಲಸ ಕಲಿತ ಕೋರಾ ಲಿಂಡ್‌ಹೋಮ್ ನಾನು. ನಿಮ್ಮ ಪರೀಕ್ಷೆಯ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದವಳು. ಈಗ ವುಸ್ಟರಿನಲ್ಲಿ ನನ್ನದೇ ಒಂದು ಕೋಣೆಯಿದೆ. ಶಾಲೆಯವರು ಮಾಡಿದ ಪರೀಕ್ಷೆ ಒಪ್ಪಿಗೆಯಾಗದ ತಂದೆತಾಯಿ ಹೊರಗಿನವರಿಂದ ಇನ್ನೊಮ್ಮೆ ಮಾಡಿಸಿ ಎಂದು ಹಟ ಹಿಡಿದಾಗ ಅಂಥ ಮಕ್ಕಳು ನನ್ನ ಬಳಿ ಬರುತ್ತಾರೆ. ಓದು, ನೆನಪು, ಗಮನ, ಮಾತು ಎಲ್ಲವನ್ನೂ ಎರಡು ಮೂರು ಬೆಳಗು ಕೂತು ನೋಡುತ್ತೇನೆ. ನೀವು ಕಲಿಸಿದ್ದನ್ನೇ ಇವತ್ತಿಗೂ ಮಾಡುತ್ತಿದ್ದೇನೆ.

ಈಗ ಬಂದಿರುವವಳು ಹ್ಯಾರೋಪೋರ್ಟಿನ ಹುಡುಗಿ, ಜಂದೀರಾ ತವಾರೆಸ್. ತಾಯಿ ಇಲೀಡಿಯಾ ಕೇಪ್ ವರ್ಡ್ ದ್ವೀಪಗಳಿಂದ ಬಂದವರು, ಬಂದರಿನ ಬಳಿ ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. 1990ರ ಮಾರ್ಚಿನಲ್ಲಿ ಹುಡುಗಿಯನ್ನು ಪರೀಕ್ಷಿಸಿದವರು ನೀವು. ಬುದ್ಧಿಯ ಬೆಳವಣಿಗೆ ಕುಂಠಿತವಾಗಿದೆ ಎಂಬ ನಿಮ್ಮ ವರದಿಯ ಮೇಲೆ ಅವಳನ್ನು ಪ್ರತ್ಯೇಕ ತರಗತಿಗೆ ಹಾಕಿದರು. ಈಗಲೂ ಅಲ್ಲೇ ಇದ್ದಾಳೆ. ಇಷ್ಟು ವರ್ಷ ಸುಮ್ಮನಿದ್ದ ತಾಯಿ ಈಗ ಮೊದಲ ಸಲ ಬಾಯಿಬಿಟ್ಟಿದ್ದಾರೆ. ನಿಮ್ಮನ್ನು ವಿಚಾರಿಸಲು ಅವರು ಬರೆದುಕೊಟ್ಟ ಒಪ್ಪಿಗೆ ಇದರೊಂದಿಗಿದೆ.

ನಿಮ್ಮ ವರದಿಯನ್ನು ತಪ್ಪೆಂದು ತೋರಿಸುವ ಉದ್ದೇಶ ನನಗಿಲ್ಲ. ಹುಡುಗಿಯ ಬಗ್ಗೆ ನಿಮಗೆ ಏನಾದರೂ ನೆನಪಿದ್ದರೆ ಎರಡು ಸಾಲು ಬರೆಯಿರಿ. ಹೊರಗಿನಿಂದ ಪರೀಕ್ಷಿಸುವವರಿಗೆ ಹಳೆಯ ಪರೀಕ್ಷೆಯೊಂದಿಗೆ ಸಂಬಂಧವಿರಬಾರದು ಎಂಬ ನಿಯಮ ನಿಮಗೆ ಗೊತ್ತೇ ಇದೆ. ಆ ವಸಂತದಲ್ಲಿ ನಾನೂ ಆ ಊರಿನಲ್ಲಿದ್ದೆ, ನಿಜ. ಆದರೆ ಮಾರ್ಚಿನಲ್ಲಿ ಹೆಚ್ಚಾಗಿ ಇನ್ನೊಂದು ಶಾಲೆಯಲ್ಲಿದ್ದ ನೆನಪು. ಈ ಹೆಸರು ನನಗೆ ಹೊಸದು. ತಾಯಿಗೂ ಶಾಲೆಗೂ ಹಾಗೆಯೇ ಬರೆದುಕೊಟ್ಟಿದ್ದೇನೆ.

ನಿಮ್ಮ ಸೊಂಟದ ನೋವು ಹೇಗಿದೆ?

ನಿಮ್ಮ ವಿಶ್ವಾಸದ,
ಕೋರಾ


ಪೈಕ್ ದ್ವೀಪ, ಮೇನ್
27 ಸೆಪ್ಟೆಂಬರ್ 1995

ಪ್ರಿಯ ಕೋರಾ,

ನಿನ್ನನ್ನು ಮರೆಯುವುದುಂಟೇ. ಮೂವತ್ತೊಂದು ವರ್ಷದಲ್ಲಿ ನನ್ನ ಹತ್ತಿರ ಕಲಿಯಲು ಬಂದವರು ಹದಿನಾಲ್ಕು ಜನ. ಮಗು ಉತ್ತರ ಹೇಳುವ ತನಕ ಬಾಯಿ ಮುಚ್ಚಿಕೊಂಡು ಕೂರಲು ಗೊತ್ತಿದ್ದವಳು ನೀನೊಬ್ಬಳು. ನಿನಗೆ ಸ್ವಂತ ಕೋಣೆಯಿದೆ ಎಂದು ಓದಿ, ಅಂಗಡಿಯೊಳಗಿನ ಪೋಸ್ಟ್ ಕೌಂಟರಿನ ಮುಂದೆ ನಿಂತವರಿಗೆಲ್ಲ ಹೇಳಿದೆ. ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಒಳ್ಳೆಯದು ಅಂದರು. ಸೊಂಟಕ್ಕೆ ಉಕ್ಕಿನ ಗುಂಡು ಕೂರಿಸಿದ್ದಾರೆ. ದೋಣಿ ಹತ್ತುವಾಗ ಒಬ್ಬರು ಮುಂದಿನಿಂದ ಎಳೆಯಬೇಕು, ಒಬ್ಬರು ಹಿಂದಿನಿಂದ ತಳ್ಳಬೇಕು. ಹಾಗಾಗಿ ದೋಣಿಯನ್ನೇ ಹತ್ತುವುದಿಲ್ಲ.

ತವಾರೆಸ್ ಹುಡುಗಿ ನೆನಪಿದ್ದಾಳೆ. ಕೆಂಪು ಕಾಲುಚೀಲ, ಒಂದು ಕೆಳಗೆ ಜಾರಿತ್ತು. ಪಾಪ, ಆ ಮಗು. ತನ್ನ ಹುಟ್ಟಿದ ದಿನ ಯಾವುದೆಂದು ಕೂಡ ಅವಳಿಗೆ ಗೊತ್ತಿರಲಿಲ್ಲ, ಅದನ್ನು ವರದಿಯಲ್ಲಿ ಬರೆದ ನೆನಪಿದೆ. ತಾಯಿಯೂ ನೆನಪಿದ್ದಾಳೆ. ಸಭೆಯಲ್ಲಿ ಕೋಟು ಬಿಚ್ಚದೆ ಕೂತಿದ್ದಳು, ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು, ತೋರಿಸಿದ ಜಾಗದಲ್ಲಿ ಸಹಿ ಮಾಡಿದಳು. ಆಗ ಏನೂ ಕೇಳದವಳು ಈಗೇಕೆ ಎದ್ದಿದ್ದಾಳೋ. ಹೊರಗಿನ ಪರೀಕ್ಷೆ ಬೇಕು ಎನ್ನುವ ತಾಯಂದಿರು ತಮಗೆ ಹಿಡಿಸುವ ಉತ್ತರ ಸಿಗುವ ತನಕ ಬಾಗಿಲಿಂದ ಬಾಗಿಲಿಗೆ ಹೋಗುತ್ತಾರೆ. ಅವರ ಕಣ್ಣೀರಿಗೆ ನೀನು ಅಂಕ ಕೊಡಬೇಡ.

ಏನು ಸಿಕ್ಕಿತೆಂದು ಬರೆ. ನನಗೂ ಹೊತ್ತು ಹೋಗಬೇಕು.

ವಿನಿಫ್ರೆಡ್ ಹ್ಯಾಸ್ಕೆಲ್


ವುಸ್ಟರ್
16 ಅಕ್ಟೋಬರ್ 1995

ಪ್ರಿಯ ಮಿಸೆಸ್ ಹ್ಯಾಸ್ಕೆಲ್,

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಮೂರು ಬೆಳಗು ಜಂದೀರಾಳ ಜೊತೆ ಕಳೆದೆ. ಅವರ ಭಾಷೆ ಬಲ್ಲ ದೋನಾ ಬೆಂವಿಂದಾ ಎಂಬವರು ದುಭಾಷಿಯಾಗಿ ಬಂದಿದ್ದರು. ಆ ದ್ವೀಪಗಳಲ್ಲಿ ನಲವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ನನ್ನ ಪ್ರಶ್ನೆಗಳನ್ನೇ ತಿದ್ದುತ್ತಾರೆ. ಇಲೀಡಿಯಾ ಮೂರೂ ದಿನ ರಜೆ ಹಾಕಿ ಬಂದರು. ಹಿಂದಿನ ದಿನದ ಕಚೂಪಾವನ್ನು, ಅಂದರೆ ಮೆಕ್ಕೆಜೋಳ ಮತ್ತು ಅವರೆಕಾಳು ಬೇಯಿಸಿದ್ದನ್ನು, ಮೊಟ್ಟೆ ಹಾಕಿ ಹುರಿದು ಡಬ್ಬಿಯಲ್ಲಿ ನನಗೂ ತರುತ್ತಿದ್ದರು. ಬೇಡವೆಂದರೆ ಕೇಳುವವರಲ್ಲ.

ಅವರ ಮಾತಿನಲ್ಲಿ ಪ್ರಶ್ನೆ ಕೇಳಿದರೆ ಹುಡುಗಿಯೇ ಬೇರೆ. ಬಿಡುವಿನ ಹೊತ್ತಿನಲ್ಲಿ ಗುಳಿಗಳಿಗೆ ಕಾಳು ಹಂಚಿ ಆಡುವ ಒಂದು ಆಟ ಆಡಿದೆವು. ಮೂರು ಸಲವೂ ನಾನು ಸೋತೆ. ನಾನು ಯಾವ ಗುಳಿಗೆ ಕೈ ಹಾಕುತ್ತೇನೆಂದು ಅವಳಿಗೆ ನಾಲ್ಕು ನಡೆ ಮೊದಲೇ ಗೊತ್ತಿರುತ್ತದೆ. ಚಿತ್ರ, ಆಕಾರ, ಲೆಕ್ಕದ ಭಾಗಗಳಲ್ಲಿ ಅವಳ ವಯಸ್ಸಿನ ಇತರ ಮಕ್ಕಳಿಗೆ ಸರಿಸಮ, ಕೆಲವು ಕಡೆ ಒಂದು ಕೈ ಮೇಲು. ಓದು ಮಾತ್ರ ಇಲ್ಲವೇ ಇಲ್ಲ. ಅಕ್ಷರಗಳು ಅವಳ ಕಣ್ಣೆದುರು ಅದಲುಬದಲಾಗುತ್ತವೆ. ಆ ತೊಂದರೆಗೆ ಹೆಸರಿದೆ, ಕಲಿಸುವ ದಾರಿಯೂ ಇದೆ. ಯಾರೂ ಕಲಿಸಿಲ್ಲ. ಶಾಲೆಯಲ್ಲಿ ದಿನವಿಡೀ ಏನು ಮಾಡುತ್ತೀ ಎಂದು ಕೇಳಿದೆ. ಅಂಗಿಯ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಾಳಂತೆ, ಊಟದ ಮನೆಯ ಕಾಗದದ ಕರವಸ್ತ್ರ ಮಡಿಸುತ್ತಾಳಂತೆ. ಮುಂದೆ ಪುಸ್ತಕವಿಟ್ಟರೆ ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು.

"ಅದು ನಂದಲ್ಲ. ಆ ಕಡೆ ಕ್ಲಾಸಿನೋರ್ದು."

ಇನ್ನೊಂದು ಸಂಗತಿ. ಹುಟ್ಟುಹಬ್ಬ ಯಾವಾಗ ಎಂದು ಕೇಳಿದೆ. ಯಾವುದು ಅಂದಳು. "ನಂಗೆ ಎರಡಿದೆ. ಸ್ಕೂಲಿಂದು ಮೇ ತಿಂಗಳಲ್ಲಿ, ನಿಜವಾದ್ದು ನವೆಂಬರಲ್ಲಿ. ಮೊದಮೊದಲು ಹೇಳ್ತಿದ್ದೆ. ಈಗ ಕೇಕ್ ಕೊಟ್ರೆ ತಿಂದ್ಬಿಡ್ತೀನಿ."

ಹಳೆಯ ಪರೀಕ್ಷೆಯ ಮೂಲ ಹಾಳೆ, ಅಂದರೆ ವಯಸ್ಸು, ಅಂಕಗಳನ್ನು ಕೈಯಲ್ಲಿ ಬರೆದದ್ದು, ಒಮ್ಮೆ ನೋಡಬೇಕಿತ್ತು. ಶಾಲೆಯವರು ಹುಡುಕುತ್ತಿದ್ದಾರಂತೆ. ನೀವು ನಕಲು ಇಟ್ಟುಕೊಳ್ಳುವವರು ಎಂಬ ನೆನಪು. ಇದ್ದರೆ ಕಳಿಸುವಿರಾ? ವಿಶೇಷವೇನಿಲ್ಲ, ಒಂದು ಸಣ್ಣ ಅನುಮಾನ.

ಕೋರಾ


ಪೈಕ್ ದ್ವೀಪ
24 ಅಕ್ಟೋಬರ್ 1995

ಕೋರಾ,

ನನ್ನಲ್ಲಿ ಯಾವ ನಕಲೂ ಇಲ್ಲ.

ಹೊಸ ಪರೀಕ್ಷೆ ಮಾಡಿದ್ದೀಯಲ್ಲ, ಸಿಕ್ಕಿದ್ದನ್ನು ಬರೆ. ಐದು ವರ್ಷದಲ್ಲಿ ಮಕ್ಕಳು ಬದಲಾಗುತ್ತಾರೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಹಳೆಯ ಹಾಳೆ ಕೆದಕಿ ಆಗಬೇಕಾದ್ದೇನೂ ಇಲ್ಲ. ಅವತ್ತು ನನಗೆ ದುಭಾಷಿ ಇರಲಿಲ್ಲ ಎಂದು ಹೇಳುವುದಕ್ಕೆ ನೀನು ಸುತ್ತಿ ಬಳಸಿ ಬರಬೇಕಿಲ್ಲ. ಆ ಕಾಲದಲ್ಲಿ ಯಾರಿಗೂ ಇರಲಿಲ್ಲ.

ಇಲ್ಲಿ ಗಾಳಿ ಜೋರು. ದೋಣಿ ವಾರಕ್ಕೆ ಎರಡೇ ಸಲ. ಪತ್ರಗಳು ತಡವಾದರೆ ಚಿಂತೆ ಮಾಡಬೇಡ.

ವಿ. ಹ್ಯಾ.


ವುಸ್ಟರ್
9 ನವೆಂಬರ್ 1995

ಪ್ರಿಯ ಮಿಸೆಸ್ ಹ್ಯಾಸ್ಕೆಲ್,

ನಿಮ್ಮ ಪತ್ರ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ತಮ್ಮ ಕೆಲಸವನ್ನು ಯಾರೂ ಮುಟ್ಟಬಾರದೆಂಬ ಅಹಂಕಾರ ಇವರಿಗೆ ಎಂದುಕೊಂಡೆ. ನಿಮಗೆ ಬರೆಯಬೇಕೆಂದಿದ್ದ ಮಾತುಗಳನ್ನು ನೆನೆದರೆ ಈಗ ಮುಖ ಎತ್ತಲಾಗುತ್ತಿಲ್ಲ.

ಮೂಲ ಹಾಳೆ ಶಾಲೆಯಿಂದ ಬಂತು. ಜೊತೆಗೆ ಇಲೀಡಿಯಾ ಮಗಳನ್ನು ಶಾಲೆಗೆ ಸೇರಿಸುವಾಗ ತುಂಬಿದ ಅರ್ಜಿ. ಹುಟ್ಟಿದ ದಿನದ ಜಾಗದಲ್ಲಿ 5/11/83 ಎಂದಿದೆ. ಅವರು ತಮ್ಮ ದೇಶದ ರೂಢಿಯಂತೆ ದಿನವನ್ನು ಮೊದಲು ಬರೆದಿದ್ದಾರೆ, ನವೆಂಬರ್ ಐದು. ನಮ್ಮವರು ತಮ್ಮ ರೂಢಿಯಂತೆ ತಿಂಗಳು ಮೊದಲೆಂದು ಓದಿ ಮೇ ಹನ್ನೊಂದು ಮಾಡಿದ್ದಾರೆ. ಪರೀಕ್ಷೆಯ ದಿನ ಅವಳಿಗೆ ಆರು ವರ್ಷ ನಾಲ್ಕು ತಿಂಗಳು. ಹಾಳೆಯಲ್ಲಿರುವುದು ಆರು ವರ್ಷ ಹತ್ತು ತಿಂಗಳು. ಅವಳನ್ನು ಅವಳಿಗಿಂತ ಅರ್ಧ ವರ್ಷ ದೊಡ್ಡ ಮಕ್ಕಳೊಂದಿಗೆ ಹೋಲಿಸಿ ಅಂಕ ಕೊಟ್ಟಿದ್ದೇವೆ. ಫಲಿತಾಂಶ ಅರವತ್ತೆಂಟು. ಅದೇ ಉತ್ತರಗಳಿಗೆ ಸರಿಯಾದ ವಯಸ್ಸಿನ ಕೋಷ್ಟಕ ನೋಡಿದರೆ ಎಪ್ಪತ್ತಾರು, ಅದೂ ಅವಳಿಗೆ ಅರ್ಧಂಬರ್ಧ ತಿಳಿಯುತ್ತಿದ್ದ ಭಾಷೆಯಲ್ಲಿ. ಎಪ್ಪತ್ತಕ್ಕಿಂತ ಕೆಳಗಿದ್ದರೆ ಮಾತ್ರ ಆ ತರಗತಿ. ಅವಳು ಒಂದು ದಿನವೂ ಅಲ್ಲಿ ಇರಬೇಕಾದವಳಲ್ಲ.

ವಯಸ್ಸು ಲೆಕ್ಕ ಹಾಕಿದ ಚೌಕದಲ್ಲಿರುವುದು ನನ್ನ ಅಕ್ಷರ.

ನಾನು ಇನ್ನೊಂದು ಶಾಲೆಯಲ್ಲಿರಲಿಲ್ಲ, ಮಿಸೆಸ್ ಹ್ಯಾಸ್ಕೆಲ್. ನಿಮ್ಮ ಬೆನ್ನ ಹಿಂದೆ ಕಿಟಕಿಯ ಬಳಿ ಕೂತಿದ್ದೆ. ಹಾಳೆ ನೋಡಿದ ಮೇಲೆ ಒಂದೊಂದೇ ನೆನಪಾಯಿತು. ನೀವು ಹುಟ್ಟುಹಬ್ಬ ಯಾವಾಗ ಎಂದು ಕೇಳಿದಿರಿ. ಅವಳು ನವೆಂಬರ್ ಅಂದಳು. ಇಂಗ್ಲಿಷಿನಲ್ಲೇ ಹೇಳಿದಳು, ಎರಡು ಸಲ. ನೀವು ಅರ್ಜಿಯ ಕಡೆ ನೋಡಿ, ಅಲ್ಲ ಎಂಬಂತೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದಿರಿ. ನನಗೂ ಅರ್ಜಿ ಕಾಣುತ್ತಿತ್ತು. ಅವಳ ಮಾತೂ ಕೇಳಿತ್ತು. ಎರಡೂ ಗೊತ್ತಿದ್ದು ನಾನು ಮೇ ಹನ್ನೊಂದನ್ನೇ ಹಿಡಿದು ಕಳೆಯುವ ಲೆಕ್ಕ ಮಾಡಿದೆ. ನಿಮ್ಮ ವರದಿಯ ಎರಡನೇ ಪುಟದಲ್ಲಿ, "ಮಗುವಿಗೆ ತನ್ನ ಹುಟ್ಟಿದ ದಿನ ತಿಳಿದಿಲ್ಲ" ಎಂದಿದೆ. ಆ ಕೋಣೆಯಲ್ಲಿ ಅದು ತಿಳಿದಿದ್ದವಳು ಅವಳೊಬ್ಬಳೇ.

ನನಗೂ ಆ ಪರೀಕ್ಷೆಗೂ ಸಂಬಂಧವಿಲ್ಲ ಎಂದು ಸಹಿ ಮಾಡಿ ಕೊಟ್ಟಿದ್ದೇನೆ. ಹೊಸ ವರದಿ ಸಿದ್ಧವಾಗಿದೆ, ಮೇಜಿನ ಮೇಲಿದೆ. ಏನು ಮಾಡಲಿ?

ಕೋರಾ


ಪೈಕ್ ದ್ವೀಪ
15 ನವೆಂಬರ್ 1995

ನನ್ನ ಕೋರಾ,

ನನ್ನಲ್ಲಿ ನಕಲಿತ್ತು. ಸುಳ್ಳು ಹೇಳಿದೆ.

ಎರಡು ಹುಟ್ಟುಹಬ್ಬದ ಮಾತು ಓದಿದ ದಿನವೇ ಟ್ರಂಕು ತೆಗೆಸಿ ನೋಡಿದೆ. ಒಂಬತ್ತರ ಬಾಲವನ್ನು ಕೆಳಗಿನ ಗೆರೆ ದಾಟಿಸಿ ಎಳೆಯುವವಳು ನೀನೊಬ್ಬಳೇ. ನೋಡಿದ ತಕ್ಷಣ ಗೊತ್ತಾಯಿತು. ನಿನಗೆ ಅದು ಗೊತ್ತಾಗುವುದು ಬೇಡವೆಂದು ಆ ಒರಟು ಪತ್ರ ಬರೆದೆ. ಬೈದುಕೊಂಡು ಬಿಟ್ಟುಬಿಡುತ್ತಾಳೆ ಎಂದುಕೊಂಡೆ.

ಈಗಲೂ ನನ್ನ ಮಾತು ಕೇಳು. ಹಳೆಯ ಹಾಳೆಯ ಪ್ರಸ್ತಾಪವೇ ಇಲ್ಲದೆ ನಿನ್ನ ವರದಿ ಕಳಿಸು. ಹೊಸ ಅಂಕಗಳೇ ಸಾಕು, ಅವರು ಎದುರಾಡಲಾರರು. ಕ್ರಿಸ್‌ಮಸ್ಸಿನ ಹೊತ್ತಿಗೆ ಹುಡುಗಿ ಹೊರಗೆ ಬರುತ್ತಾಳೆ. ಅವಳಿಗೆ ಬೇಕಾಗಿರುವುದು ಬಾಗಿಲು ತೆರೆಯುವುದು, ಬೀಗ ಹಾಕಿದವರ ಹೆಸರಲ್ಲ. ನಿನಗೆ ಇಪ್ಪತ್ತೊಂಬತ್ತೋ ಮೂವತ್ತೋ. ಇನ್ನು ಮೂವತ್ತು ವರ್ಷದ ಕೆಲಸವಿದೆ. ನಾನು ಮುದುಕಿ, ನಿನ್ನ ವರದಿ ಬಂದ ಮೇಲೆ ಜನ ನನ್ನನ್ನು ಹಳೆಯ ಕಾಲದವಳು ಎಂದುಕೊಳ್ಳುತ್ತಾರೆ, ಅಷ್ಟೆ. ಅಂದುಕೊಳ್ಳಲಿ.

ಯೋಚಿಸು. ಅವಸರ ಮಾಡಬೇಡ.

ವಿನಿಫ್ರೆಡ್


ವುಸ್ಟರ್
4 ಡಿಸೆಂಬರ್ 1995

ಮಿಸೆಸ್ ಹ್ಯಾಸ್ಕೆಲ್,

ಅವಸರ ಮಾಡಲಿಲ್ಲ. ಹತ್ತು ದಿನ ನಿಮ್ಮ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಅದರಲ್ಲಿ ಹೇಳಿದಂತೆ ಮಾಡಬೇಕೆಂದು ನನಗೂ ಆಸೆಯಾಗಿತ್ತು. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ ಇಲೀಡಿಯಾರನ್ನು ಕರೆಸಿ ಹಾಳೆ ತೋರಿಸಿದೆ. ದೋನಾ ಬೆಂವಿಂದಾ ಅನುವಾದ ಮಾಡಿದರು. ಇಲೀಡಿಯಾ ಇನ್ನೊಮ್ಮೆ ಹೇಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲೇ ಕೇಳಿದರು.

"ನೀವೂ ಅಲ್ಲಿದ್ರಾ?"

ಇದ್ದೆ ಅಂದೆ. ಅವರು ಅಂದೂ ಡಬ್ಬಿ ತಂದಿದ್ದರು. ಅದನ್ನು ತೆರೆಯದೆ ಹಾಗೇ ಎತ್ತಿಕೊಂಡು ಹೋದರು. ಬಾಗಿಲು ಹಾಕುವಾಗ ಸದ್ದಾಗದಂತೆ ಹಾಕಿದರು. ಬಡಿದಿದ್ದರೆ ನನಗೆ ಚೆನ್ನಾಗಿತ್ತು.

ಶಾಲೆಗೂ ಬರೆದೆ. ವಿಶೇಷ ಶಿಕ್ಷಣದ ನಿರ್ದೇಶಕರಾಗಿ ನಿಮ್ಮ ಕಾಲದ ಕ್ರೋವೆಲ್ ಅವರೇ ಇದ್ದಾರೆ. ಒಂದೇ ವಾರದಲ್ಲಿ ಉತ್ತರ ಬಂತು. ನಾನು ಹೊರಗಿನವಳಲ್ಲ, ಆದ್ದರಿಂದ ನನ್ನ ವರದಿಯನ್ನು ಪರಿಗಣಿಸಲಾಗದು. ಪ್ರಾವಿಡೆನ್ಸಿನ ಇನ್ನೊಬ್ಬ ತಜ್ಞರಿಂದ ಹೊಸದಾಗಿ ಪರೀಕ್ಷೆ ಮಾಡಿಸಲು ಒಪ್ಪಿದ್ದಾರೆ. ಅವರಿಗೆ ಬಿಡುವಿರುವುದು ಮೇ ತಿಂಗಳಲ್ಲಿ. ಅಲ್ಲಿಯ ತನಕ ಜಂದೀರಾ ಗುಂಡಿ ಬೇರ್ಪಡಿಸುತ್ತಿರುತ್ತಾಳೆ. ನಿಮ್ಮ ಮಾತು ಕೇಳಿದ್ದರೆ ಈ ತಿಂಗಳೇ ಹೊರಬರುತ್ತಿದ್ದಳು. ನಿಜ ಹೇಳಿ ನನ್ನ ಎದೆ ಹಗುರ ಮಾಡಿಕೊಂಡೆ, ಆ ಭಾರ ಅವಳ ಮೇಲೆ ಬಿತ್ತು. ಎದೆ ಹಗುರವೂ ಆಗಲಿಲ್ಲ.

ನೀವು ನನ್ನನ್ನು ಉಳಿಸಲು ನೋಡಿದಿರಿ. ನಿಮಗೆ ನನ್ನ ಮೇಲೆ ಪ್ರೀತಿಯಿದೆ ಎಂದು ಗೊತ್ತು. ಆದರೆ ನಕಲನ್ನು ಕೈಯಲ್ಲಿ ಹಿಡಿದುಕೊಂಡು ನೀವು ಯೋಚಿಸಿದ್ದು ನನ್ನ ಬಗ್ಗೆ. ಆ ಹಾಳೆಯ ಮೇಲಿದ್ದ ಹೆಸರಿನ ಬಗ್ಗೆ ಅಲ್ಲ. ಅದನ್ನು ನುಂಗಿಕೊಳ್ಳಲು ನನ್ನಿಂದ ಆಗುತ್ತಿಲ್ಲ. ಸದ್ಯಕ್ಕೆ ನನಗೆ ಬರೆಯಬೇಡಿ.

ಕೋರಾ ಲಿಂಡ್‌ಹೋಮ್


ಹ್ಯಾರೋಪೋರ್ಟ್
22 ಜನವರಿ 1996

ಕೋರಾ,

ಬರೆಯಬೇಡಿ ಅಂದೆ, ಏಳು ವಾರ ಬರೆಯಲಿಲ್ಲ. ಈಗ ಬರೆಯುತ್ತಿರುವುದು ನಿನ್ನನ್ನು ಒಲಿಸಿಕೊಳ್ಳಲು ಅಲ್ಲ. ನಡೆದದ್ದು ನಿನಗೆ ತಿಳಿಯಬೇಕು.

ನಿನ್ನ ಪತ್ರ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಒಲೆಯ ಮುಂದೆ ಕೂತು ನಿನ್ನನ್ನು ಬೈದದ್ದು. ಒಂದು ವಾರ ಬೈದೆ. ಆಮೇಲೆ ಆ ಎರಡನೇ ಪುಟ ತೆಗೆದು ಓದಿದೆ. ಲೆಕ್ಕ ನಿನ್ನದಿರಬಹುದು, ಆ ಸಾಲು ನನ್ನದೇ. ಅದನ್ನು ಬರೆದಾಗ ನನಗೆ ಹೆಮ್ಮೆಯೇ ಆಗಿತ್ತು, ಸೂಕ್ಷ್ಮವಾಗಿ ಗಮನಿಸಿದ್ದೇನೆ ಎಂದು. ಆರು ವರ್ಷದ ಮಗು ನಿಜ ಹೇಳಿತು. ಅದನ್ನೇ ಅದರ ದಡ್ಡತನಕ್ಕೆ ಸಾಕ್ಷಿ ಮಾಡಿದೆ. ಸಾಲದೆಂಬಂತೆ, ಸೆಪ್ಟೆಂಬರಿನಲ್ಲಿ ನಿನಗೆ ಬರೆಯುವಾಗ ಅದೇ ಸಾಲನ್ನು ಮತ್ತೆ ಹೇಳಿ ತೋರಿಸಿದೆ.

ಶಾಲೆಗೆ ಬರೆದು ಕೇಳಿದೆ, ಜನವರಿ ಹದಿನೆಂಟಕ್ಕೆ ಅಲ್ಲಿ ಹುಡುಗಿಯ ಬಗ್ಗೆ ಸಭೆಯಿದೆ ಎಂದು ತಿಳಿಯಿತು. ನಾನು ಬರಬಹುದೇ ಎಂದು ತಾಯಿಗೆ ಬರೆದೆ. ದೋನಾ ಬೆಂವಿಂದಾರ ಕೈಬರಹದಲ್ಲಿ ಎರಡು ಸಾಲಿನ ಉತ್ತರ ಬಂತು. ಬರಲಿ, ಆದರೆ ನನ್ನ ಪಕ್ಕದಲ್ಲಿ ಕೂರುವುದು ಬೇಡ. ದೋಣಿ ಹತ್ತಿದೆ. ಎಳೆದವರೂ ತಳ್ಳಿದವರೂ ಇದ್ದರು. ಇಲ್ಲಿ ಬೇಕರಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ.

ಸಭೆ ನಾವು ಅವತ್ತು ಕೂತಿದ್ದ ಕೋಣೆಯಲ್ಲೇ ನಡೆಯಿತು. ಇಲೀಡಿಯಾ ಈ ಸಲ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ್ದಳು. ನಾನು ಮೇಜಿನ ತುದಿಯಲ್ಲಿ ಕೂತೆ. ಕ್ರೋವೆಲ್ ಹಳೆಯ ಸಲಿಗೆಯಿಂದ, "ವಿನ್ನಿ, ಹಾಯಾಗಿ ಮನೇಲಿರೋದು ಬಿಟ್ಟು ಈ ತಾಪತ್ರಯ ನಿನಗ್ಯಾಕೆ" ಅಂದ. ಮಿಸ್ ಲಿಂಡ್‌ಹೋಮ್ ವರದಿ ನಿಯಮಕ್ಕೆ ವಿರುದ್ಧ, ಅದನ್ನು ಓದಲೂ ಆಗದು, ಮೇ ತನಕ ಎಲ್ಲರೂ ತಾಳ್ಮೆಯಿಂದಿರಬೇಕು ಎಂದು ವಿವರಿಸಿದ. ಅವನು ಕೆಟ್ಟವನಲ್ಲ. ನಾನು ಅಲ್ಲಿದ್ದಾಗ ನಾನೂ ಅದೇ ಧ್ವನಿಯಲ್ಲಿ ಮಾತಾಡುತ್ತಿದ್ದೆ.

ಅವನು ಮುಗಿಸಿದ ಮೇಲೆ ನಾನು ಹೇಳಿದೆ. "ಅವಳ ವರದಿ ಬಿಡು. ಓದಬೇಡ. ನನ್ನದನ್ನ ತೆಗೆ. ಅವಳನ್ನ ಆ ಕ್ಲಾಸಲ್ಲಿ ಇಟ್ಟಿರೋದು ನನ್ನ ವರದಿ ಮೇಲೆ ತಾನೆ? ಅದು ತಪ್ಪು. ಮಗು ವಯಸ್ಸೇ ತಪ್ಪು, ಮಗು ಸರಿಯಾಗಿ ಹೇಳಿದ್ರೂ ನಾನು ಕೇಳ್ಲಿಲ್ಲ. ನನ್ನ ಸಹಿ ನಾನು ವಾಪಸ್ ತಗೋತಿದೀನಿ, ಬರೆದು ತಂದಿದೀನಿ. ಈಗ ಅವಳನ್ನ ನಾಳೆ ಅಲ್ಲಿ ಕೂರಿಸೋಕೆ ನಿನ್ನ ಹತ್ರ ಯಾವ ಕಾಗದ ಇದೆ, ಹೇಳು."

ಅವನು ವಕೀಲರನ್ನು ಕೇಳಬೇಕು ಅಂದ. ಹೊರಗೆ ಹೋಗಿ ಫೋನ್ ಮಾಡಿದ. ಇಪ್ಪತ್ತು ನಿಮಿಷದ ಮೇಲೆ ಬಂದು, ಸೋಮವಾರದಿಂದ ಐದನೇ ತರಗತಿ, ದಿನಕ್ಕೊಂದು ಗಂಟೆ ಓದು ಕಲಿಸಲು ಪ್ರತ್ಯೇಕ ಟೀಚರ್, ಹೊಸ ಪರೀಕ್ಷೆ ಮೇ ತಿಂಗಳಲ್ಲಿ ಆಗಲಿ, ಅಂದ. ಇವತ್ತು ಸೋಮವಾರ. ಬೆಳಿಗ್ಗೆ ಅವಳು ಆ ತರಗತಿಗೆ ಹೋದಳು.

ಇಲ್ಲಿಗೆ ಮುಗಿಸಿದ್ದರೆ ನಾನು ದೊಡ್ಡವಳಾಗಿ ಕಾಣುತ್ತಿದ್ದೆ. ಮುಗಿಯಲಿಲ್ಲ.

ನಿನ್ನೆ ಚರ್ಚಿನಿಂದ ಜನ ಬಂದ ಮೇಲೆ ಇಲೀಡಿಯಾಳ ಮನೆಗೆ ಹೋದೆ. ಕ್ಷಮೆ ಕೇಳಲು ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ. ಅಡುಗೆಮನೆಯಲ್ಲಿ ಕೂರಿಸಿದಳು. ನನ್ನ ಮಾತು ಮುಗಿಯುವ ತನಕ ಒಲೆಯ ಕಡೆಗೇ ನೋಡುತ್ತಿದ್ದಳು. ಅವಳು ಬೈಯುತ್ತಾಳೆ, ಬೈಸಿಕೊಂಡು ಹೋಗೋಣ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ದೋನಾ ಬೆಂವಿಂದಾರಿಗೂ ಕಾಯದೆ ತನಗೆ ಬರುವ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು.

"ಮೇಡಂ, ನೀವು ಒಂದು ದಿನ ತಪ್ಪು ಮಾಡಿದ್ರಿ. ನಾನು ಐದು ವರ್ಷ ನಂಬಿದೆ."

ಆಮೇಲೆ ಒಂದೊಂದಾಗಿ ಹೇಳಿದಳು. ಮಗಳನ್ನು ಅಂಗಡಿಗೆ ಕಳಿಸುವುದನ್ನು ನಿಲ್ಲಿಸಿದ್ದು. ತನ್ನ ತಮ್ಮನ ಕೂಸನ್ನು ಮಗಳ ಕೈಗೆ ಕೊಡದಿದ್ದದ್ದು. ಅವಳೊಡನೆ ಬಿಡಿಬಿಡಿಯಾಗಿ, ಮೂರು ವರ್ಷದ ಮಗುವಿನೊಡನೆ ಆಡುವಂತೆ ಮಾತಾಡಿದ್ದು. ಊರಿನಿಂದ ಅಜ್ಜಿ ಫೋನ್ ಮಾಡಿದಾಗ, ಜಂದೀರಾ ಮಲಗಿದ್ದಾಳೆ ಎಂದು ಸುಳ್ಳು ಹೇಳಿದ್ದು, ಮಾತಾಡಿದರೆ ಅಜ್ಜಿಗೆ ಗೊತ್ತಾಗುತ್ತದೆಂದು. ಗುಳಿಯ ಆಟದಲ್ಲಿ ಮಗಳು ಎಲ್ಲರನ್ನೂ ಸೋಲಿಸಿದರೆ, ಅದೃಷ್ಟ ಅಂದದ್ದು. "ಅವಳು ಎದುರಿಗೇ ಇದ್ಲು. ನಾನು ಕಾಗದ ನೋಡ್ತಿದ್ದೆ." ಇಷ್ಟು ಹೇಳಿ ಎದ್ದು ಮುಖ ತೊಳೆದು ಬಂದಳು. ನನ್ನ ಭಾಷಣ ನೆನೆದು ನಾಚಿಕೆಯಾಯಿತು. ನಾನು ಬರೆದದ್ದು ಒಂದು ಮಗುವಿನ ಬಗ್ಗೆ ಎಂದು ತಿಳಿದಿದ್ದೆ. ಆ ತಾಯಿಯ ಕಣ್ಣನ್ನೂ ನಾನೇ ಕಿತ್ತುಕೊಂಡಿದ್ದೆ.

ಜಂದೀರಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಎತ್ತರ ಹುಡುಗಿ, ಹನ್ನೆರಡು ತುಂಬಿದೆ. ಅವಳ ಹತ್ತಿರವೂ ತಪ್ಪಾಯಿತು ಅಂದೆ. ಪರವಾಗಿಲ್ಲ ಎನ್ನಲಿಲ್ಲ. ಬದಲಿಗೆ ಕೇಳಿದಳು.

"ರಾಕ್ಸಾನ್‌ಗೂ ನೀವೇನಾ ಟೆಸ್ಟ್ ಮಾಡಿದ್ದು?"

ರಾಕ್ಸಾನ್ ಯಾರೆಂದು ಕೇಳಿದೆ. ಆ ತರಗತಿಯಲ್ಲಿ ಅವಳ ಪಕ್ಕ ಕೂರುವ ಹುಡುಗಿಯಂತೆ. ಹೌದು, ನಾನೇ ಇರಬೇಕು ಅಂದೆ.

"ಅವಳು ಹೇಳಿದ್ದನ್ನ ನಂಬಿದ್ರಾ?"

ಉತ್ತರ ಗೊತ್ತಿಲ್ಲ, ಕೋರಾ. ಗೊತ್ತಿಲ್ಲ ಅಂತಲೇ ಹೇಳಿದೆ. ಇವತ್ತು ಬೆಳಿಗ್ಗೆ ಕ್ರೋವೆಲ್ ಕೋಣೆಗೆ ಹೋಗಿ, ನನ್ನ ಸಹಿಯಿರುವ ಹಾಳೆಗಳನ್ನೆಲ್ಲ ಮತ್ತೆ ನೋಡಬೇಕು ಅಂದೆ. ಒಂದು ತಪ್ಪು ಹೊರಗೆ ಬಂದಿರುವಾಗ ಬೇಡ ಎನ್ನಲು ಅವನಿಗೆ ಧೈರ್ಯ ಬರಲಿಲ್ಲ. ನೆಲಮಾಳಿಗೆಯಲ್ಲಿ ಗುಮಾಸ್ತೆಯ ಕಣ್ಣೆದುರು, ಹೊರಗೆ ಒಯ್ಯುವಂತಿಲ್ಲ, ಎಂಬ ಷರತ್ತು. ಹನ್ನೊಂದು ಪೆಟ್ಟಿಗೆಗಳಿವೆ. ಮಧ್ಯಾಹ್ನದ ತನಕ ಮೊದಲನೆಯದರಲ್ಲಿ ಅರ್ಧ ನೋಡಿದೆ. ಮೂವತ್ತೆಂಟು ಹಾಳೆ ಸರಿಯಿದ್ದವು. ಒಂದರಲ್ಲಿ ಎರಡು ಅಂಕ ಕೂಡಿಸುವಾಗ ತಪ್ಪಿದೆ, ಅಕ್ಷರ ನನ್ನದೇ, 1978ನೇ ಇಸವಿ. ಆ ಹುಡುಗಿಗೆ ಈಗ ಇಪ್ಪತ್ತಾರು ವರ್ಷ. ಎಲ್ಲಿದ್ದಾಳೋ ಯಾರಿಗೂ ತಿಳಿದಿಲ್ಲ.

ನನ್ನ ಕಣ್ಣು ಮೊದಲಿನಂತಿಲ್ಲ. ಬಾ ಎಂದು ಕೇಳುವ ಮುಖ ನನಗಿಲ್ಲ. ಬೇಕರಿಯ ವಿಳಾಸ ಲಕೋಟೆಯ ಹಿಂದಿದೆ.

ವಿನಿಫ್ರೆಡ್


ವುಸ್ಟರ್
25 ಜನವರಿ 1996

ಪ್ರಿಯ ಮಿಸೆಸ್ ಹ್ಯಾಸ್ಕೆಲ್,

ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಹೋದ ಮೇಲೆ ಬರೆಯೋಣವೆಂದು ಕಾದರೆ ತಡವಾಗುತ್ತದೆ.

ಡಿಸೆಂಬರಿನಲ್ಲೇ ನನ್ನ ಹಳೆಯ ಡೈರಿ ತೆಗೆದು ಎಣಿಸಿದ್ದೆ. ನಿಮಗೆ ಹೇಳಿರಲಿಲ್ಲ. ಆ ವಸಂತದಲ್ಲಿ ನಿಮ್ಮ ಬೆನ್ನ ಹಿಂದೆ ಕೂತು ನಾನು ವಯಸ್ಸು ಲೆಕ್ಕ ಹಾಕಿದ್ದು ನಲವತ್ತೊಂದು ಮಕ್ಕಳಿಗೆ. ಅವರಲ್ಲಿ ಆರು ಮಕ್ಕಳ ಮುಖ ನೆನಪಿದೆ. ಉಳಿದ ಮೂವತ್ತೈದು ಮಕ್ಕಳದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಅವರೆಲ್ಲರೂ ನಮ್ಮ ಎದುರಿಗೇ ಕೂತಿದ್ದವರು.

ಶನಿವಾರ ನೆಲಮಾಳಿಗೆ ತೆರೆದಿರುತ್ತದೆಯೇ ಎಂದು ಗುಮಾಸ್ತೆಗೆ ಫೋನ್ ಮಾಡಿ ಕೇಳಿದೆ. ಕ್ರೋವೆಲ್ ಒಪ್ಪಿದರೆ ನನ್ನನ್ನೂ ಬಿಡುತ್ತಾರಂತೆ, ಅವರು ಒಪ್ಪಿದ್ದಾರೆ. ಎಂಟರ ಬಸ್ಸಿಗೆ ಹೊರಡುತ್ತೇನೆ. ನೀವು ನೋಡಿದ ಹಾಳೆಗಳನ್ನು ನಾನೂ ಒಮ್ಮೆ ನೋಡುತ್ತೇನೆ, ನಾನು ನೋಡಿದ್ದನ್ನು ನೀವು. ತಪ್ಪು ಸಿಕ್ಕವರ ಮನೆಗಳಿಗೆ ಇಬ್ಬರೂ ಹೋಗೋಣ. ರಾಕ್ಸಾನಳ ಹಾಳೆಯನ್ನು ಮೊದಲು ತೆಗೆದಿಟ್ಟಿರಿ.

ಕೋರಾ